ಹೆಸರಿಲ್ಲದ ಮೀನಿಗೆ ಲೆಕ್ಕವೂ ಇಲ್ಲ

"ಹೊಸ ಜಾತಿಯ ಮೀನು ಪತ್ತೆ" ಎಂಬ ಸುದ್ದಿ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪುಗಳಿಗೆ ಬಂದಾಗಲೆಲ್ಲ ಅದೇ ಮೂರು ಪ್ರಶ್ನೆ ಕಾಣುತ್ತೇನೆ. ತಿನ್ನಲಿಕ್ಕೆ ಆಗ್ತದಾ? ಕೆಜಿಗೆ ಎಷ್ಟು? ಇಂಥದ್ದಕ್ಕೆಲ್ಲ ಸರ್ಕಾರ ಸಂಬಳ ಕೊಡ್ತದಾ ಮಾರಾಯ್ರೆ? ಕೆಳಗೆ ನಾಲ್ಕು ನಗುವ ಮುಖ. ಅಲ್ಲಿಗೆ ಸುದ್ದಿ ಮುಗಿಯಿತು. ಬೆರಳುದ್ದದ ಒಂದು ಮೀನಿಗೆ ಲ್ಯಾಟಿನ್ ಹೆಸರಿಡುವುದು ಹೊಟ್ಟೆ ತುಂಬಿದವರ ಚಟ ಎಂದು ನಾವು ತೀರ್ಮಾನಿಸಿ ಆಗಿದೆ.

ಈ ಲೇಖನ ಆ ನಗುವಿನ ವಿರುದ್ಧ. ಬೇರೆ ಯಾರಾದರೂ ನಕ್ಕಿದ್ದರೆ ನಾನು ಬರೆಯುತ್ತಿರಲಿಲ್ಲ. 'ಬ್ಯಾರ' ಎಂಬ ವ್ಯಾಪಾರದ ಶಬ್ದದಿಂದಲೇ ನಮಗೆ ಬ್ಯಾರಿ ಎಂಬ ಹೆಸರು ಬಂತೆಂದು ಹೇಳಿಕೊಳ್ಳುವವರು ನಾವು. ಕಡಲ ಬದಿಯಲ್ಲಿ ಹುಟ್ಟಿ, ಕಡಲಿನ ಸರಕನ್ನು ಘಟ್ಟ ಹತ್ತಿಸಿ ಬದುಕಿದವರು. ವ್ಯಾಪಾರಿಗೆ ಮೊದಲು ಬೇಕಾದದ್ದು ಸಾಮಾನಿನ ಹೆಸರು, ಆಮೇಲೆ ತೂಕ, ಆಮೇಲೆ ಬೆಲೆ. ಹೆಸರೇ ಬೇಡ ಎನ್ನುವ ವ್ಯಾಪಾರಿಯನ್ನು ನಾನು ಇಲ್ಲಿಯವರೆಗೆ ನೋಡಿಲ್ಲ, ಮೀನಿನ ವಿಷಯದಲ್ಲಿ ನಮ್ಮವರನ್ನು ಬಿಟ್ಟು.

ನಾನು ಮೀನುಶಾಸ್ತ್ರಜ್ಞನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಉಪ್ಪನದ್ದು ಹೊಸೂರಿನಲ್ಲಿ ದಿನಸಿ ಅಂಗಡಿ. ನನ್ನದು ಮೆಕ್ಯಾನಿಕಲ್ ಡಿಪ್ಲೊಮಾ, ಕೆಲಸ ಸಿಪ್ಕಾಟಿನಲ್ಲಿ ಬಿಡಿಭಾಗ ತಯಾರಿಸುವ ಒಂದು ಘಟಕದ ಕ್ವಾಲಿಟಿ ವಿಭಾಗದಲ್ಲಿ. ಇಲ್ಲಿಂದ ಮಂಗಳೂರಿನ ಕಡಲಾಗಲಿ ಚೆನ್ನೈಯ ಕಡಲಾಗಲಿ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೆ ಕಡಿಮೆ ಇಲ್ಲ. ಮೀನು ನಮಗೆ ಬರುವುದು ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಐಸಿನ ನಡುವೆ. ಆದರೆ ಅಂಗಡಿಯ ಲೆಕ್ಕದ ಪುಸ್ತಕ ಮತ್ತು ಕಾರ್ಖಾನೆಯ ವರ್ನಿಯರ್ ಕ್ಯಾಲಿಪರ್, ಈ ಎರಡು ಗೊತ್ತಿದ್ದವನಿಗೆ ಹೊಸ ಮೀನನ್ನು ವಿವರಿಸುವ ಕೆಲಸ ಏನೆಂದು ಅರ್ಥವಾಗಲಿಕ್ಕೆ ಕಷ್ಟವಿಲ್ಲ. ಅದು ಅಳತೆಯ ಕೆಲಸ, ಲೆಕ್ಕದ ಕೆಲಸ.

ಒಂದು ಮೀನನ್ನೇ ತೆಗೆದುಕೊಳ್ಳುವ. ಮದಿಮಲ್. ಮಂಗಳೂರಿನ ಯಾವ ಮನೆಯಲ್ಲಿ ಗೊತ್ತಿಲ್ಲ? ಕೆಂಪು ಮೈ, ಹಳದಿ ಗೆರೆ, ಸಿಂಗಾರ ಮಾಡಿಕೊಂಡಂತೆ ಇರುವುದಕ್ಕೆ ತುಳುವಿನಲ್ಲಿ ಮದುಮಗಳು ಎಂಬ ಹೆಸರು. ಕೇರಳಕ್ಕೆ ಹೋದರೆ ಕಿಳಿಮೀನ್. ಹೊಸೂರಿನ ಮೀನಂಗಡಿಯಲ್ಲಿ ಕೆಂಪಗೆ ಇರುವುದೆಲ್ಲ ಶಂಕರ. ಹೋಟೆಲಿನಲ್ಲಿ ಪಿಂಕ್ ಪರ್ಚ್. ಸುರಿಮಿ ಮಾಡಿ ಹೊರದೇಶಕ್ಕೆ ಕಳುಹಿಸುವವರ ಬಾಯಲ್ಲಿ ಇಟೊಯೊರಿ. ಐದು ಹೆಸರು ಉಂಟು. ಆದರೆ ಆ ಬುಟ್ಟಿಯಲ್ಲಿ ಇರುವುದು ಒಂದೇ ಮೀನಾ?

ಅಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಸಿಗುವ ಮದಿಮಲ್‌ಗಳಲ್ಲಿ ಮುಖ್ಯವಾದವು ಎರಡು. ಒಂದಕ್ಕೆ ನೆಮಿಪ್ಟೆರಸ್ ಜಪಾನಿಕಸ್ ಎಂದು ಹೆಸರು. ಜರ್ಮನಿಯ ಬ್ಲಾಕ್ ಎಂಬವನು 1791ರಲ್ಲಿ ಇಟ್ಟದ್ದು. ತನಗೆ ಸಿಕ್ಕ ಮಾದರಿ ಜಪಾನಿನದ್ದೆಂದು ಅವನು ತಿಳಿದಿದ್ದ. ಅದು ಜಾವಾದಿಂದ ಬಂದಿರಬೇಕು ಎಂದು ಆಮೇಲಿನವರು ಹೇಳುತ್ತಾರೆ. ಎರಡನೆಯದು ನೆಮಿಪ್ಟೆರಸ್ ರಾಂಡಲೈ. ಇದಕ್ಕೆ ಹೆಸರು ಬಂದದ್ದು 1986ರಲ್ಲಿ, ನಾನು ಹುಟ್ಟುವ ಕೆಲವೇ ವರ್ಷ ಮೊದಲು. ಬ್ಯಾರಿ ರಸೆಲ್ ಎಂಬ ವಿಜ್ಞಾನಿ ವಿವರಿಸಿದ. (ಈ ಬ್ಯಾರಿ ನಮ್ಮವನಲ್ಲ, ಅದು ಅವನ ಮೊದಲ ಹೆಸರು!) ಎಂಟುನೂರಕ್ಕೂ ಹೆಚ್ಚು ಮೀನುಗಳನ್ನು ವಿವರಿಸಿದ ಜಾನ್ ರಾಂಡಲ್ ಅವರ ಗೌರವಕ್ಕೆ ಆ ಹೆಸರು.

ಯೋಚಿಸಿ ನೋಡಿ. ನಮ್ಮ ಅಜ್ಜಂದಿರು ತಿಂದ ಮೀನು, ಟ್ರಾಲ್ ಬೋಟುಗಳಲ್ಲಿ ರಾಶಿರಾಶಿ ಬಂದ ಮೀನು. ವಿಜ್ಞಾನದ ಲೆಕ್ಕದಲ್ಲಿ ಅದು 1986ರವರೆಗೆ ಇರಲೇ ಇಲ್ಲ. ಇದ್ದದ್ದು ಇನ್ನೊಂದು ಮೀನಿನ ಖಾತೆಯಲ್ಲಿ, ಇನ್ನೊಬ್ಬನ ಹೆಸರಿನಲ್ಲಿ. ಹಾಗಾಗಿ "ಪತ್ತೆ" ಎಂದು ಪತ್ರಿಕೆಯವರು ಬರೆಯುವಾಗ ನನಗೆ ಕಿರಿಕಿರಿ. ಮೀನು ತಪ್ಪಿಸಿಕೊಂಡಿರಲಿಲ್ಲ. ಬಲೆಗೆ ಬೀಳುತ್ತಿತ್ತು, ಬುಟ್ಟಿಗೆ ಬೀಳುತ್ತಿತ್ತು, ಬಾಣಲೆಗೂ ಬೀಳುತ್ತಿತ್ತು. ಪುಸ್ತಕದಲ್ಲಿ ಅದಕ್ಕೊಂದು ಪುಟ ಇರಲಿಲ್ಲ, ಅಷ್ಟೆ.

"ಪುಟ ಇಲ್ಲದಿದ್ದರೆ ನಷ್ಟ ಎಂತ?" ಎಂದು ಕೇಳುವವರಿಗೆ ಕೇರಳದ ಒಂದು ಕಾನೂನನ್ನು ತೋರಿಸುತ್ತೇನೆ. ಮರಿಮೀನು ಹಿಡಿದು ಕಡಲು ಬರಿದಾಗುವುದನ್ನು ತಡೆಯಲು ಕೇರಳ ಸರ್ಕಾರ 2015ರಲ್ಲಿ 14 ಜಾತಿಗೆ ಕನಿಷ್ಠ ಉದ್ದ ನಿಗದಿ ಮಾಡಿತು. 2017ರಲ್ಲಿ ಅದನ್ನು 58 ಜಾತಿಗೆ ಏರಿಸಿತು. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಎಂದರೆ ಸಿಎಂಎಫ್‌ಆರ್‌ಐ, ಮಾಡಿದ ಶಿಫಾರಸಿನ ಮೇಲೆ. ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರ್, ಅದಕ್ಕಿಂತ ಸಣ್ಣದು ಹಿಡಿದರೆ ದಂಡ. ಮದಿಮಲ್‌ಗೆ ಬನ್ನಿ. ಜಪಾನಿಕಸ್‌ಗೆ 12 ಸೆಂಟಿಮೀಟರ್. ರಾಂಡಲೈಗೆ 10 ಸೆಂಟಿಮೀಟರ್.

ಈಗ 11 ಸೆಂಟಿಮೀಟರಿನ ಒಂದು ಮದಿಮಲ್ ಕೈಯಲ್ಲಿ ಹಿಡಿದುಕೊಳ್ಳಿ. ರಾಂಡಲೈ ಆದರೆ ಹಿಡಿದವನು ಸರಿ. ಜಪಾನಿಕಸ್ ಆದರೆ ತಪ್ಪಿತಸ್ಥ. ಎರಡು ಸೆಂಟಿಮೀಟರಿನ ನಡುವೆ ಒಬ್ಬ ಬೋಟಿನವನ ದಂಡ ನಿಂತಿದೆ, ಒಂದು ಮೀನಿನ ಮುಂದಿನ ಸಂತಾನ ನಿಂತಿದೆ. ಬೆನ್ನಿನ ರೆಕ್ಕೆ ಎಣಿಸಿ ಗುರುತಿಸುವ ಎಂದರೆ ಆಗುವುದಿಲ್ಲ, ಈ ಇಡೀ ಬಳಗಕ್ಕೇ ಅಲ್ಲಿ 10 ಮುಳ್ಳು, 9 ಮೆದು ಕಿರಣ. ನೋಡಬೇಕಾದದ್ದು ಬಾಲ. ಬಾಲದ ಮೇಲಿನ ತುದಿಯಿಂದ ದಾರದ ಹಾಗೆ ಒಂದು ಎಳೆ ಹೊರಟಿರುತ್ತದೆ. ಜಪಾನಿಕಸ್‌ಗೆ ಅದು ಹಳದಿ, ರಾಂಡಲೈಗೆ ಕೆಂಪು. 1986ರಲ್ಲಿ ಒಬ್ಬ ಮನುಷ್ಯ ಕೂತು ಅಳೆದು, ಎಣಿಸಿ, ಬಣ್ಣ ನೋಡಿ, ಇದು ಬೇರೆ ಎಂದು ಬರೆಯದಿದ್ದರೆ 2017ರಲ್ಲಿ ಈ ಎರಡು ಸಾಲಿನ ಕಾನೂನು ಬರೆಯಲಿಕ್ಕೆ ಸಾಧ್ಯವೇ ಇರಲಿಲ್ಲ. ಎರಡಕ್ಕೂ ಒಂದೇ ಅಳತೆ ಇಡುತ್ತಿದ್ದರು. ಒಂದಕ್ಕೆ ಅದು ಅನ್ಯಾಯ, ಇನ್ನೊಂದಕ್ಕೆ ಅಪಾಯ.

ಉಪ್ಪನ ಅಂಗಡಿಯ ಮಾತಿನಲ್ಲಿ ಹೇಳುವುದಾದರೆ, ಎರಡು ದರದ ಎರಡು ಅಕ್ಕಿಯನ್ನು ಒಂದೇ ಹೆಸರಿನಲ್ಲಿ ಬರೆದರೆ ವರ್ಷದ ಕೊನೆಗೆ ಸ್ಟಾಕ್ ತಾಳೆ ಆಗುವುದಿಲ್ಲ. ಯಾವುದು ಖಾಲಿಯಾಯಿತು, ಯಾವುದು ಕೊಳೆಯಿತು ಎಂದು ಗೊತ್ತಾಗುವುದಿಲ್ಲ. ಕಡಲಿನಲ್ಲಿಯೂ ಅಷ್ಟೆ. ಎರಡು ಮೀನಿನ ಲೆಕ್ಕ ಒಟ್ಟಿಗೆ ಇದ್ದರೆ, ಒಂದು ಪೂರ್ತಿ ನಾಶವಾಗುತ್ತಿದ್ದರೂ ಇನ್ನೊಂದರ ತೂಕ ಅದನ್ನು ಮುಚ್ಚಿಡುತ್ತದೆ. "ಮದಿಮಲ್ ಈ ವರ್ಷವೂ ಚೆನ್ನಾಗಿ ಬಂತು" ಎಂದು ನಾವು ಹೇಳುತ್ತಿರುತ್ತೇವೆ.

ಇದು ಒಂದೇ ಮೀನಿನ ಕತೆಯಲ್ಲ. ನಂಗ್ ಮೀನು ನೋಡಿ, ನಾಲಿಗೆಯ ಹಾಗೆ ಚಪ್ಪಟೆ, ಗೇಣುದ್ದಕ್ಕೂ ಕಡಿಮೆ. ಮಳೆಗಾಲ ಮುಗಿಯುತ್ತಿದ್ದಂತೆ ಮಲಬಾರಿನಿಂದ ನಮ್ಮ ಕಡೆಯವರೆಗೆ ದಡದ ಹತ್ತಿರವೇ ರಾಶಿ ಬೀಳುವ ಬಡವರ ಮೀನು. ಇದಕ್ಕೆ ಸೈನೊಗ್ಲೋಸಸ್ ಮ್ಯಾಕ್ರೊಸ್ಟೋಮಸ್ ಎಂದು ಹೆಸರಿಟ್ಟದ್ದು 1928ರಲ್ಲಿ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಜೆ.ಆರ್. ನಾರ್ಮನ್. ದೊಡ್ಡ ಬಾಯಿಯದ್ದು ಎಂದು ಅರ್ಥ. ಆದರೆ ಹೆಸರಿಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 1955ರಲ್ಲಿ ಶೇಷಪ್ಪ ಮತ್ತು ಭೀಮಾಚಾರ್ ಈ ಮೀನಿನ ಬದುಕಿನ ಮೇಲೆ ಒಳ್ಳೆಯ ಅಧ್ಯಯನ ಪ್ರಕಟಿಸಿದಾಗಲೂ ಅದು ಸೆಮಿಫ್ಯಾಸಿಯೇಟಸ್ ಎಂಬ ಇನ್ನೊಂದು ಮೀನಿನ ಹೆಸರಿನಲ್ಲಿಯೇ ಇತ್ತು. ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಆಮೇಲೆ ಮಾದರಿಗಳನ್ನು ಹೋಲಿಸಿ ನೋಡಿದವರು ಸರಿಪಡಿಸಿದರು. 1977ರಲ್ಲಿ ಎ.ಜಿ.ಕೆ. ಮೆನನ್ ಈ ನಾಲಿಗೆಮೀನುಗಳ ಇಡೀ ಬಳಗವನ್ನು ಒಂದು ಗ್ರಂಥದಲ್ಲಿ ಜೋಡಿಸಿಟ್ಟರು. ನಾವು ಗಂಟೆಗೆ ಎಷ್ಟು ಪತ್ತಿರ್ ಜೊತೆ ತಿಂದು ಮುಗಿಸುವ ಮೀನು ಯಾವುದು ಎಂದು ತೀರ್ಮಾನಿಸಲು ದೊಡ್ಡದೊಡ್ಡವರಿಗೆ ಅರ್ಧ ಶತಮಾನ ಹಿಡಿಯಿತು. ಇದು ಚಟದವರ ಕೆಲಸವಾ?

ಕೆಲಸ ಹೇಗೆ ನಡೆಯುತ್ತದೆಂದು ಹೇಳುತ್ತೇನೆ, ಯಾಕೆಂದರೆ ನಗುವವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ.

ರಾಶಿಯಲ್ಲಿ ಒಂದು ಸಣ್ಣ ಮೀನು ವಿಚಿತ್ರ ಕಂಡಿತು ಎನ್ನಿ. ಮೊದಲು ತಾಜಾ ಇರುವಾಗಲೇ ಫೋಟೋ, ಯಾಕೆಂದರೆ ದ್ರಾವಣಕ್ಕೆ ಹಾಕಿದ ಮೇಲೆ ಬಣ್ಣ ಹೋಗುತ್ತದೆ. ಫಾರ್ಮಾಲಿನ್‌ಗೆ ಇಳಿಸುವ ಮೊದಲೇ ಒಂದು ಚೂರು ಮಾಂಸ ಅಥವಾ ರೆಕ್ಕೆಯ ತುಂಡನ್ನು ಆಲ್ಕೋಹಾಲಿನಲ್ಲಿ ತೆಗೆದಿಡಬೇಕು, ಫಾರ್ಮಾಲಿನ್ ಡಿಎನ್‌ಎಯನ್ನು ಹಾಳು ಮಾಡುತ್ತದೆ. ಆಮೇಲೆ ಅಳತೆ. ಇಲ್ಲಿಗೆ ಬಂದಾಗ ನನಗೆ ನನ್ನ ಟೇಬಲ್ಲೇ ಕಂಡ ಹಾಗಾಗುತ್ತದೆ. ಅವರ ಕೈಯಲ್ಲಿ ಇರುವುದು ನಮ್ಮ ಕೈಯಲ್ಲಿ ಇರುವ ಅದೇ ಕ್ಯಾಲಿಪರ್, ಅಳೆಯುವುದು 0.1 ಮಿಲಿಮೀಟರ್‌ವರೆಗೆ. ಮೂತಿಯ ತುದಿಯಿಂದ ಬಾಲದ ರೆಕ್ಕೆ ಶುರುವಾಗುವಲ್ಲಿಯವರೆಗಿನ ಉದ್ದವೇ ಮೂಲ ಅಳತೆ. ಬಾಲದ ತುದಿಯವರೆಗೆ ಯಾಕಲ್ಲ? ಅದು ಬಲೆಯಲ್ಲಿ ಹರಿದಿರಬಹುದು. ತಲೆಯ ಉದ್ದ, ಕಣ್ಣಿನ ಅಗಲ, ಮೈಯ ಎತ್ತರ, ಒಂದು ರೆಕ್ಕೆಯಿಂದ ಇನ್ನೊಂದಕ್ಕೆ ಇರುವ ದೂರ, ಎಲ್ಲವನ್ನೂ ಮೂಲ ಅಳತೆಯ ಶೇಕಡಾವಾರಿನಲ್ಲಿ ಬರೆಯುತ್ತಾರೆ. ಆಗ ಸಣ್ಣ ಮೀನನ್ನೂ ದೊಡ್ಡ ಮೀನನ್ನೂ ಒಂದೇ ಕೋಷ್ಟಕದಲ್ಲಿ ಹೋಲಿಸಬಹುದು. ಮುಳ್ಳು ಎಷ್ಟು, ಕಿರಣ ಎಷ್ಟು, ಮೈಯ ಪಕ್ಕದ ಗೆರೆಯಲ್ಲಿ ಹುರುಪೆ ಎಷ್ಟು, ಕಿವಿರಿನೊಳಗಿನ ಹಲ್ಲು ಎಷ್ಟು, ಎಕ್ಸ್‌ರೇ ತೆಗೆದರೆ ಬೆನ್ನುಮೂಳೆಯ ಮಣಿ ಎಷ್ಟು ಎಂಬ ಎಣಿಕೆ ಬೇರೆ.

ಜೊತೆಗೆ ಡಿಎನ್‌ಎ. ಕೆನಡಾದ ಪಾಲ್ ಹೆಬರ್ಟ್ 2003ರಲ್ಲಿ ಸೂಚಿಸಿದ ದಾರಿಯಲ್ಲಿ ಒಂದು ಜೀನಿನ ಸುಮಾರು 650 ಅಕ್ಷರ ಓದಿ, ಗೊತ್ತಿರುವ ಮೀನುಗಳ ಜೊತೆ ಎಷ್ಟು ವ್ಯತ್ಯಾಸ ಎಂದು ನೋಡುತ್ತಾರೆ. ಅಂಗಡಿಯ ಬಾರ್‌ಕೋಡ್ ಎಂಬ ಹೆಸರೇ ಅದಕ್ಕೂ. ಅದೊಂದೇ ಸಾಲದು. ಅಳತೆ, ಎಣಿಕೆ, ಬಣ್ಣ, ಡಿಎನ್‌ಎ ಒಂದೇ ಮಾತು ಹೇಳಬೇಕು.

ಎಲ್ಲ ಆದಮೇಲೆ ಒಂದೇ ಒಂದು ಮೀನನ್ನು ಹೋಲೋಟೈಪ್ ಎಂದು ಗೊತ್ತುಮಾಡಿ, ನಂಬರ್ ಹಾಕಿ, ಮ್ಯೂಸಿಯಮ್ಮಿನಲ್ಲಿ ಇಡುತ್ತಾರೆ. ಕಾರ್ಖಾನೆಯಲ್ಲಿ ಮಾಸ್ಟರ್ ಪೀಸ್ ಇರುತ್ತದಲ್ಲ, ಗೇಜನ್ನು ಪರೀಕ್ಷಿಸಲಿಕ್ಕೆ ಬೀರುವಿನಲ್ಲಿ ಬೀಗ ಹಾಕಿ ಇಡುವುದು, ಹಾಗೆ. ನೂರು ವರ್ಷ ಬಿಟ್ಟು ಯಾರಿಗಾದರೂ ಸಂಶಯ ಬಂದರೆ ಆ ಬಾಟಲಿಯ ಹತ್ತಿರ ಹೋಗಿ ನೋಡಬೇಕು. ಕೊನೆಗೆ ಹೆಸರು, ವಿವರಣೆ, ಯಾವ ಮೀನಿಗೂ ಇದಕ್ಕೂ ಏನು ವ್ಯತ್ಯಾಸ ಎಂಬುದು ಪತ್ರಿಕೆಯಲ್ಲಿ ಪ್ರಕಟವಾಗಬೇಕು. ಫೇಸ್‌ಬುಕ್ಕಿನಲ್ಲಿ ಹಾಕಿದರೆ ಹೆಸರು ನಿಲ್ಲುವುದಿಲ್ಲ. ಈ ನಿಯಮಗಳ ಹೊಸ ಆವೃತ್ತಿ ಜಾರಿಗೆ ಬಂದದ್ದು 2000ದ ಜನವರಿ 1ರಂದು. ಬರೀ ಅಂತರ್ಜಾಲದಲ್ಲಿ ಬರುವ ಪತ್ರಿಕೆಗಳಿಗೆ ಮಾನ್ಯತೆ ಸಿಕ್ಕಿದ್ದು 2012ರಲ್ಲಿ, ಅದೂ ಝೂಬ್ಯಾಂಕ್ ಎಂಬ ದಾಖಲೆಯಲ್ಲಿ ನೋಂದಣಿ ಮಾಡಿದರೆ ಮಾತ್ರ. ಒಂದೇ ಮೀನಿಗೆ ಇಬ್ಬರು ಹೆಸರಿಟ್ಟರೆ ಸಾಮಾನ್ಯವಾಗಿ ಮೊದಲು ಇಟ್ಟವನದ್ದು ಉಳಿಯುತ್ತದೆ.

ಈ ನಿಯಮಗಳಲ್ಲಿ ಎಲ್ಲಿಯೂ ಇಲ್ಲದ ಒಂದು ಮಾತು ಉಂಟು: ಹೆಸರಿಡುವವನಿಗೆ ಇಂಥ ಡಿಗ್ರಿ ಇರಬೇಕು ಎಂಬುದು. ನಮ್ಮ ದೇಶದ ಜೈವಿಕ ವೈವಿಧ್ಯ ಕಾಯ್ದೆ 2002ರ 39ನೇ ಸೆಕ್ಷನ್ ಕೂಡ, ಯಾವುದೇ ವ್ಯಕ್ತಿ ಹೊಸ ಜೀವಿಯನ್ನು ಕಂಡುಹಿಡಿದರೆ ಗೊತ್ತುಮಾಡಿದ ಸಂಸ್ಥೆಗೆ ತಿಳಿಸಿ ಮಾದರಿಯನ್ನು ಅಲ್ಲಿ ಇಡಬೇಕು ಎನ್ನುತ್ತದೆ. ಯಾವುದೇ ವ್ಯಕ್ತಿ. ಧಕ್ಕೆಯಲ್ಲಿ ಬುಟ್ಟಿ ಹೊರುವವನೂ ವ್ಯಕ್ತಿಯೇ.

ಇನ್ನು ನಮ್ಮವರ ವಾದಗಳಿಗೆ ಬರುತ್ತೇನೆ.

"ಇದು ನಮ್ಮ ಕೆಲಸ ಅಲ್ಲ, ದೊಡ್ಡ ವಿಜ್ಞಾನಿಗಳದ್ದು." ಹಾಗಾದರೆ ನಮ್ಮ ಮೀನುಗಳಿಗೆ ಹೆಸರಿಟ್ಟ ಹಳಬರು ಯಾರೆಂದು ನೋಡಿ. 'ಫಿಶಸ್ ಆಫ್ ಇಂಡಿಯಾ' ಗ್ರಂಥವನ್ನು 1875ರಿಂದ 1878ರ ಒಳಗೆ ತಂದ ಫ್ರಾನ್ಸಿಸ್ ಡೇ ಮದ್ರಾಸ್ ಸೈನ್ಯದ ವೈದ್ಯ. ಗಂಗೆಯ ಮೀನುಗಳನ್ನು 1822ರಲ್ಲಿ ವಿವರಿಸಿದ ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್ ವೈದ್ಯ. ಟಿಪ್ಪು ಸತ್ತ ಮರುವರ್ಷ ಮೈಸೂರು, ಕೆನರಾ, ಮಲಬಾರ್ ಎಂದು ನಮ್ಮ ಊರುಗಳನ್ನು ಸುತ್ತಿ ಬರೆದವನೂ ಅವನೇ. ವಿಶಾಖಪಟ್ಟಣದ 200 ಮೀನುಗಳ ಚಿತ್ರ ಬರೆಸಿ 1803ರಲ್ಲಿ ಅಚ್ಚು ಹಾಕಿಸಿದ ಪ್ಯಾಟ್ರಿಕ್ ರಸೆಲ್ ಕೂಡ ವೈದ್ಯ. ಇವರ್ಯಾರೂ ಮೀನಿನಲ್ಲಿ ಡಿಗ್ರಿ ಮಾಡಿದವರಲ್ಲ. ಬೆಳಗ್ಗೆ ಧಕ್ಕೆಗೆ ಹೋಗಿ, ಮೀನುಗಾರರ ಹತ್ತಿರ ಕೂತು, ಕೇಳಿ ಬರೆದುಕೊಂಡವರು.

ಕೇಳಿ ಬರೆದುಕೊಂಡದ್ದರ ಫಲ ಏನು? ರಸೆಲ್ ತನ್ನ ಪುಸ್ತಕದಲ್ಲಿ ತೆಲುಗು ಮೀನುಗಾರರು ಹೇಳಿದ ಹೆಸರನ್ನೇ ಹಾಕಿದ. ಅದನ್ನು ನೋಡಿ ಪ್ಯಾರಿಸಿನಲ್ಲಿ ಕುವಿಯೆ ಲ್ಯಾಟಿನ್ ಹೆಸರು ಕಟ್ಟಿದ. ಹಾಗಾಗಿ ನಮ್ಮ ಬಂಗುಡೆ ಇವತ್ತು ಇಡೀ ಜಗತ್ತಿಗೆ ರಾಸ್ಟ್ರೆಲ್ಲಿಗರ್ ಕನಗುರ್ತ. ಕನಗುರ್ತ ಅಚ್ಚ ತೆಲುಗು ಶಬ್ದ. ಹ್ಯಾಮಿಲ್ಟನ್ ಇಟ್ಟ ರೋಹಿತ, ಕಾಟ್ಲಾ, ಮೃಗಲ ಗಂಗೆಯ ದಡದವರ ಬಾಯಿಂದ ಬಂದವು. ನಾವು ಹಬ್ಬಕ್ಕೆ ದುಡ್ಡು ಕೊಟ್ಟು ತರುವ ಕಾಣೆ ಮೀನಿನ ಹೆಸರು ಸಿಲ್ಲಾಗೊ ಸಿಹಾಮ. ಈ ಸಿಹಾಮ ಅರಬಿ! ಡೆನ್ಮಾರ್ಕ್ ದೊರೆ ಕಳುಹಿಸಿದ ತಂಡದಲ್ಲಿ ಅರೇಬಿಯಾಕ್ಕೆ ಹೋದ ಫೋರ್ಸ್ಕಾಲ್ ಎಂಬವನು ಕೆಂಪು ಸಮುದ್ರದ ದಡದ ಅರಬರು ಹೇಳಿದ ಮೀನಿನ ಹೆಸರುಗಳನ್ನು ಹಾಗೆಯೇ ಬರೆದುಕೊಂಡ. 1763ರಲ್ಲಿ ಯೆಮನಿನಲ್ಲಿ ತೀರಿಹೋದ. ಬದುಕಿ ಬಂದ ಗೆಳೆಯ ನೀಬುರ್ 1775ರಲ್ಲಿ ಅದನ್ನು ಅಚ್ಚು ಹಾಕಿಸಿದ. ನಮ್ಮ ಕಡಲಿನಲ್ಲಿಯೂ ಇರುವ ಟೆರಪೊನ್ ಜರ್ಬುವಾ, ಲೂಟ್ಜಾನಸ್ ಬೊಹಾರ್ ಎಂಬ ಹೆಸರುಗಳಲ್ಲಿಯೂ ಅರಬಿ ಉಳಿದದ್ದು ಹಾಗೆ. ಯೆಮನಿನ ಬಡ ಮೀನುಗಾರನ ಒಂದು ಮಾತು 250 ವರ್ಷ ಆದರೂ ಅಳಿಯಲಿಲ್ಲ, ಯಾರೋ ಕೇಳಿದರು, ಯಾರೋ ಬರೆದರು, ಅದಕ್ಕೆ.

ಅರಬರ ಜೊತೆ ಕಡಲ ವ್ಯಾಪಾರ ಮಾಡಿದ್ದೇವೆ ಎಂದು ಪ್ರತಿ ಸಮ್ಮೇಳನದಲ್ಲಿ ಭಾಷಣ ಮಾಡುವ ನಾವು, ನಮ್ಮ ಬಾಸೆಯಲ್ಲಿ ಮೀನಿಗೆ ಇರುವ ಹೆಸರುಗಳನ್ನು ಎಲ್ಲಿ ಬರೆದಿಟ್ಟಿದ್ದೇವೆ? ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಲ್ಲಿ ಬಂತು, ನಿಘಂಟು ಬಂತು, ಅದಕ್ಕೆಲ್ಲ ಗೌರವ ಉಂಟು. ಆದರೆ ಧಕ್ಕೆಯಲ್ಲಿ ನಲವತ್ತು ವರ್ಷ ಮೀನು ವಿಂಗಡಿಸಿದ ಕಾಕನಿಗೆ ಗೊತ್ತಿರುವಷ್ಟು ಹೆಸರು ಪುಸ್ತಕ ಬರೆಯುವವರಿಗೆ ಗೊತ್ತಿರುವುದಿಲ್ಲ. ಹೊಸೂರು, ಕೃಷ್ಣಗಿರಿಯಲ್ಲಿ ಬೆಳೆದ ನಮ್ಮ ಮಕ್ಕಳಿಗಂತೂ ಮೀನು ಎಂದರೆ ಎರಡೇ ಜಾತಿ: ಫ್ರೈ ಮತ್ತು ಕರಿ. ಉಮ್ಮಂದಿರ ತಲೆಮಾರು ಹೋದರೆ ಆ ಹೆಸರುಗಳೂ ಹೋದವು.

"ಸಣ್ಣ ಕಚಡ ಮೀನು, ಫಿಶ್‌ಮೀಲಿಗೆ ಹೋಗುವಂಥದ್ದು." ಇದು ವ್ಯಾಪಾರಸ್ಥರ ವಾದ. ಟ್ರಾಲ್ ಬಲೆಯಲ್ಲಿ ಬರುವ ಸಣ್ಣದು, ಬೆಲೆ ಇಲ್ಲದ್ದು ರಾಶಿಯಾಗಿ ಕರಾವಳಿಯ ಫಿಶ್‌ಮೀಲ್ ಕಾರ್ಖಾನೆಗಳಿಗೆ ಹೋಗಿ ಹುಡಿಯಾಗುತ್ತದೆ. ಅದರಲ್ಲಿ ಅರ್ಧ ಕೆಜಿ ಏನಿತ್ತು ಎಂದು ಕೇಳುವವರಿಲ್ಲ. ಆದರೆ ಹೊಸ ಮೀನು ಸಿಗುವುದು ಹೆಚ್ಚಾಗಿ ಇಂಥ ರಾಶಿಯಲ್ಲೇ, ಮೀನಿಳಿಸುವ ಧಕ್ಕೆಗಳಲ್ಲೇ. ನಾವು ಈಗ ಇರುವ ತಮಿಳುನಾಡಿನಲ್ಲಿಯೇ ನೋಡಿ. ಕಡಲೂರು ಜಿಲ್ಲೆಯ ಮುಡಸಲೋಡೈ ಎಂಬ ಮೀನಿಳಿಸುವ ಊರಿನಿಂದ ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಕಂದು ಬಣ್ಣದ ಹಾವುಮೀನನ್ನು ವಿವರಿಸಿದರು. ಜಿಮ್ನೊಥೊರಾಕ್ಸ್ ತಮಿಳ್ನಾಡುಎನ್ಸಿಸ್ ಎಂದು ರಾಜ್ಯದ ಹೆಸರನ್ನೇ ಇಟ್ಟರು. ಈ ಬಳಗಕ್ಕೆ ಹುರುಪೆಯೂ ಇಲ್ಲ, ಎದೆರೆಕ್ಕೆಯೂ ಇಲ್ಲ. ಹಲ್ಲು, ತಲೆಯ ಮೇಲಿನ ಸಣ್ಣ ತೂತು, ಬೆನ್ನುಮಣಿ ಎಣಿಸಿಯೇ ಇದು ಬೇರೆ ಎಂದು ತೋರಿಸಬೇಕು. ನಮ್ಮ ಕಣ್ಣಿಗೆ ಬಿದ್ದಿದ್ದರೆ "ಹಾವಿನ ಹಾಗೆ ಉಂಟು, ಬಿಸಾಡು" ಎನ್ನುತ್ತಿದ್ದೆವು. ಮಂಗಳೂರಿನ ಹೆಸರಿನಲ್ಲಿಯೂ ಒಂದು ಉಂಟು: 2011ರಲ್ಲಿ ವಿವರಿಸಿದ ಮುಸ್ಟೆಲಸ್ ಮಂಗಳೂರೆನ್ಸಿಸ್ ಎಂಬ ತಾಟೆ. ವಿವರಿಸಿದವರು ಕೊಚ್ಚಿಯವರು. ಊರು ನಮ್ಮದು, ಕಡಲು ನಮ್ಮದು, ಕೆಲಸ ಅವರದ್ದು.

"ನಮ್ಮ ಮಕ್ಕಳಿಗೆ ಇದರಲ್ಲಿ ಭವಿಷ್ಯ ಇಲ್ಲ." ಈ ವಾದಕ್ಕೆ ಸ್ವಲ್ಪ ಕೋಪದಿಂದಲೇ ಉತ್ತರಿಸುತ್ತೇನೆ. ನಾನು ಹೋದ ಒಂದು ಸಮುದಾಯದ ಮಾರ್ಗದರ್ಶನ ಶಿಬಿರದಲ್ಲಿ ಮೂರು ಗಂಟೆ ಮಾತಾಡಿದರು: ಡಾಕ್ಟರ್, ಎಂಜಿನಿಯರ್, ಸಿಎ, ಇಲ್ಲದಿದ್ದರೆ ಗಲ್ಫ್. ಒಬ್ಬ ಹುಡುಗಿ ಎದ್ದು ಮೀನುಗಾರಿಕೆ ಕಾಲೇಜಿನ ಬಗ್ಗೆ ಕೇಳಿದಳು. ವೇದಿಕೆಯ ಮೇಲಿದ್ದವರು ನಕ್ಕು, "ಮೀನು ಮಾರಲಿಕ್ಕೆ ಕಾಲೇಜು ಬೇಕಾ ಮೋಳೇ?" ಎಂದರು. ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಜನರ ಮನೆ ಮೀನಿನ ದುಡ್ಡಿನಲ್ಲಿ ಎದ್ದದ್ದು ಎಂದು ನಾನು ಎಣಿಸಲು ಹೋಗಲಿಲ್ಲ.

ಭಾರತದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾದದ್ದು ಎಲ್ಲಿ ಗೊತ್ತಾ? ಮಂಗಳೂರಿನಲ್ಲಿ. ನಮ್ಮ ಮನೆಯ ಹಿತ್ತಲಿನಲ್ಲಿ. ಸಿಎಂಎಫ್‌ಆರ್‌ಐಯ ಕೇಂದ್ರವೂ ಮಂಗಳೂರಿನಲ್ಲಿ ಉಂಟು. ತಮಿಳುನಾಡಿನಲ್ಲಿ ಇರುವ ನಮ್ಮಂಥವರಿಗೆ ತೂತ್ತುಕುಡಿಯ ಕಾಲೇಜು 1977ರಿಂದ ಉಂಟು, ನಾಗಪಟ್ಟಣದಲ್ಲಿ ಮೀನುಗಾರಿಕೆಗೇ ಒಂದು ವಿಶ್ವವಿದ್ಯಾಲಯ ಉಂಟು, ಕಡಲಿಲ್ಲದ ನಮ್ಮ ಕೃಷ್ಣಗಿರಿ ಜಿಲ್ಲೆಯ ಬಾರೂರಿನಲ್ಲಿಯೂ ಅದರ ಮೀನು ಸಾಕಣೆ ಕೇಂದ್ರ ಉಂಟು. ನಾಲ್ಕು ವರ್ಷದ ಬಿಎಫ್ಎಸ್ಸಿಗೆ ನೀಟ್ ಬೇಕಿಲ್ಲ. ಮುಗಿಸಿದವರಿಗೆ ಮೀನುಗಾರಿಕಾ ಇಲಾಖೆ, ರಫ್ತು ಘಟಕಗಳ ಗುಣಮಟ್ಟ ವಿಭಾಗ, ಮೀನಿನ ಆಹಾರ ಮಾಡುವ ಕಂಪನಿ, ಬ್ಯಾಂಕು ಎಂದು ದಾರಿಗಳಿವೆ. ಹೊಸ ಮೀನಿಗೆ ಹೆಸರಿಟ್ಟು ಯಾರೂ ಶ್ರೀಮಂತರಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಅದೇ ಬೀದಿಯಲ್ಲಿ ನಾಲ್ಕನೇ ಬೇಕರಿ ಹಾಕಿಯೂ ಯಾರೂ ಆಗಿಲ್ಲ.

2022ರಲ್ಲಿ ಸಿಎಂಎಫ್‌ಆರ್‌ಐಯಿಂದ ಒಂದು ಸುದ್ದಿ ಬಂತು. ಕೇರಳದವರು ಪೋಳವಟ್ಟ ಎನ್ನುವ ಮೀನು ಬೇರೆಯೇ ಪ್ರಭೇದ ಎಂದು ತೋರಿಸಿ ಸ್ಕಾಂಬೆರಾಯಿಡಿಸ್ ಪೆಲಾಜಿಕಸ್ ಎಂದು ಹೆಸರಿಟ್ಟರು. ಅದು ದೊಡ್ಡ ಮೀನು, ಮಾರುಕಟ್ಟೆಯಲ್ಲಿ ದಿನವೂ ಇದ್ದದ್ದು. ತಂಡದ ನೇತೃತ್ವ ಯಾರದ್ದು? ಡಾ. ಇ.ಎಂ. ಅಬ್ದುಸಮದ್. ನಮ್ಮ ಶಿಬಿರಗಳ ವೇದಿಕೆಗೆ ಶಾಲು ಹೊದೆಸಲಿಕ್ಕೆ ರಾಜಕಾರಣಿಗಳನ್ನು ಕರೆಯುತ್ತೇವೆ. ಇಂಥವರನ್ನು ಒಂದು ದಿನ ಕರೆಸಿ ಮಕ್ಕಳ ಮುಂದೆ ನಿಲ್ಲಿಸಲಿಕ್ಕೆ ನಮಗೆ ಏನು ಅಡ್ಡಿ?

ಆದ್ದರಿಂದ ನನ್ನ ಬೇಡಿಕೆಗಳು ಸ್ಪಷ್ಟ.

ಧಕ್ಕೆಯಲ್ಲಿ ಇರುವ ನಮ್ಮವರಿಗೆ: ಕಾಣದ ಮೀನು ಕಂಡರೆ ಬಿಸಾಡಬೇಡಿ. ತಾಜಾ ಇರುವಾಗ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು, ರೆಕ್ಕೆ ಬಿಡಿಸಿ, ಎಡಬದಿಯ ಫೋಟೋ ತೆಗೆಯಿರಿ. ಯಾವ ದಿನ, ಯಾವ ಬಲೆ, ಎಷ್ಟು ಆಳ, ಬೋಟಿನವರು ಎಲ್ಲಿ ಹಿಡಿದದ್ದು, ಬರೆದುಕೊಳ್ಳಿ. ಐಸಿನಲ್ಲಿಟ್ಟು ಕಾಲೇಜಿಗೋ ಸಿಎಂಎಫ್‌ಆರ್‌ಐಗೋ ಫೋನ್ ಮಾಡಿ. ಹೊಸದಲ್ಲದಿದ್ದರೆ ಹೋಗುವುದು ಒಂದು ಮೀನು ಮಾತ್ರ.

ವಿದ್ಯಾರ್ಥಿವೇತನ ಕೊಡುವ ನಮ್ಮ ಟ್ರಸ್ಟುಗಳಿಗೆ: ವರ್ಷಕ್ಕೆ ಒಬ್ಬರಿಗೆ, ಒಬ್ಬರಿಗಾದರೂ, ಮೀನುಗಾರಿಕೆ ಅಥವಾ ಪ್ರಾಣಿಶಾಸ್ತ್ರಕ್ಕೆ ಎತ್ತಿಡಿ. ಅರ್ಜಿ ಬರುವುದಿಲ್ಲ ಎನ್ನಬೇಡಿ. ಕೇಳಿದ ಹುಡುಗಿಯನ್ನು ನಕ್ಕು ಕೂರಿಸಿದರೆ ಅರ್ಜಿ ಎಲ್ಲಿಂದ ಬರುತ್ತದೆ?

ಮನೆಮನೆಗೆ: ಊರಿಗೆ ಹೋದಾಗ ಹಿರಿಯರ ಹತ್ತಿರ ಕೂತು ಮೀನಿನ ಹೆಸರು ಕೇಳಿ ಬರೆಯಿರಿ. ಬ್ಯಾರಿ ಬಾಸೆಯಲ್ಲಿ ಏನು, ಯಾವ ಊರಿನಲ್ಲಿ ಹಾಗೆ ಹೇಳುತ್ತಾರೆ, ಜೊತೆಗೆ ಒಂದು ಫೋಟೋ. ಉಳ್ಳಾಲದ ಹೆಸರು ಒಂದು, ಗಂಗೊಳ್ಳಿಯದ್ದು ಇನ್ನೊಂದು ಇದ್ದರೆ ಎರಡನ್ನೂ ಬರೆಯಿರಿ. ನೂರು ಮನೆಯಿಂದ ಹತ್ತು ಹತ್ತು ಹೆಸರು ಬಂದರೆ ಅಕಾಡೆಮಿಗೆ ಒಪ್ಪಿಸುವಂಥ ಒಂದು ಪಟ್ಟಿಯಾಗುತ್ತದೆ.

ಬ್ಯಾರಿ ಹೆಸರಿನ ಒಂದು ಮೀನು ಮುಂದೊಂದು ದಿನ ಬರಲಿ ಎಂಬ ಆಸೆ ನನಗೂ ಉಂಟು. ಆದರೆ ಅದು ಯಾವ ದಾನಿಯ, ಯಾವ ಅಧ್ಯಕ್ಷರ ಹೆಸರಿನಲ್ಲಿಯೂ ಬೇಡ. ಬಂಗುಡೆಗೆ ತೆಲುಗು, ಕಾಣೆಗೆ ಅರಬಿ ಉಳಿದ ಹಾಗೆ, ನಮ್ಮ ಯಾವುದೋ ಉಮ್ಮ ಮೀನು ಕೊಯ್ಯುತ್ತಾ ಅದಕ್ಕೆ ಹೇಳಿದ ಮಾತು ಆ ಬಾಟಲಿಯ ಚೀಟಿಯಲ್ಲಿ ಇರಲಿ. ಅದಕ್ಕೆ ಮೊದಲು ಆ ಮಾತನ್ನು ಯಾರಾದರೂ ಕೇಳಬೇಕು. ಆ ಮೀನನ್ನು ಯಾರಾದರೂ ಅಳೆಯಬೇಕು. ಆ ಇಬ್ಬರೂ ನಮ್ಮ ಮನೆಯ ಮಕ್ಕಳೇ ಆಗಬಹುದು.